ಓಡುತ್ತಾ ಇರುವಾಗಲೇ ಕರೆಂಟ್ ಹೋಗುವ ಓಮ್ನಿ: ಎಲ್ಲಿಂದ ಹುಡುಕುವುದು?

ಕೇಳಿದವರು, ಶಿರಸಿ

ನಮ್ಮದು ಹಳೆಯ ಪೆಟ್ರೋಲ್ ಓಮ್ನಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಶಿರಸಿಯಿಂದ ಕುಮಟಾ ಕಡೆಗೆ ತರಕಾರಿ, ಬಾಳೆಕಾಯಿ ಹೇರುತ್ತೇವೆ. ಹಾಗಾಗಿ ದೇವಿಮನೆ ಘಟ್ಟ ಇಳಿದು ಹತ್ತುವುದು ಇದ್ದೇ ಇದೆ. ಮಳೆಗಾಲ ಶುರುವಾದಾಗಿನಿಂದ ಒಂದೇ ಕಾಟ. ಚೆನ್ನಾಗಿ ಓಡುತ್ತಾ ಇರುವಾಗ ಮೀಟರ್ ಬೋರ್ಡಿನ ದೀಪ ಮಂಕಾಗುತ್ತದೆ, ಎಂಜಿನ್ ಜರ್ಕ್ ಹೊಡೆದು ನಿಂತೇ ಹೋಗುತ್ತದೆ. ಕೆಲವು ಸಲ ಚಕ್ರ ಗುಂಡಿಗೆ ಬಿದ್ದ ತಕ್ಷಣ ತಾನಾಗಿಯೇ ಸರಿಯಾಗುತ್ತದೆ. ಕೆಲವು ಸಲ ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರ್) ‘ಟಕ್’ ಅನ್ನುವುದೂ ಇಲ್ಲ, ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ಒಯ್ದರೆ ಒಂದು ಸಲವೂ ತೋರಿಸುವುದಿಲ್ಲ. ಬ್ಯಾಟರಿ ಹೊಸದಾಯ್ತು, ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿದ್ದಾಯ್ತು, ಕಾಟ ಮಾತ್ರ ಹಾಗೇ ಇದೆ. ರಾತ್ರಿ ಘಟ್ಟದಲ್ಲಿ ಲೋಡ್ ಇಟ್ಟುಕೊಂಡು ನಿಂತರೆ ಭಯವಾಗುತ್ತದೆ. ಇಂಥದ್ದು ಅನುಭವಿಸಿದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಬೇಕು? ಮೀಟರ್ ಗೀಟರ್ ಏನಾದರೂ ತಗೊಳ್ಳಬೇಕಾ?

ಕುಂದಾಪುರ, ಟೆಂಪೋ ಓಡಿಸುವವರು

ಸರ್, ಬ್ಯಾಟರಿ ಬದಲಾಯಿಸಿದರು, ಸೆಲ್ಫ್ ಬಿಚ್ಚಿದರು, ಸರಿ. ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಯಾರಾದರೂ ನೋಡಿದ್ದಾರಾ? ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ (ಗಾಡಿಯ ತಗಡಿನ ಮೈಗೆ) ಒಂದು ವೈರ್, ಎಂಜಿನ್ನಿನಿಂದ ಬಾಡಿಗೆ ಒಂದು ಪಟ್ಟಿ ಇರುತ್ತದೆ. ನಮ್ಮ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಆ ಬೋಲ್ಟಿನ ಅಡಿಯಲ್ಲೇ ತುಕ್ಕು ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಬೋಲ್ಟ್ ಗಟ್ಟಿಯಾಗಿಯೇ ಕಾಣುತ್ತದೆ. ಬಿಚ್ಚಿ, ಲಗ್ಗನ್ನೂ (ವೈರಿನ ತುದಿಯ ಲೋಹದ ಬಳೆ) ತಗಡನ್ನೂ ಎಮರಿ ಪೇಪರಿನಲ್ಲಿ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿನಿಂದ ವ್ಯಾಸಲೀನ್ ಹಚ್ಚಬೇಕು.

ಒಂದು ಸುಲಭದ ಪರೀಕ್ಷೆ ಇದೆ. ಜಂಪರ್ ಕೇಬಲ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಮುಂದಿನ ಸಲ ಕೀ ತಿರುಗಿಸಿದರೂ ಸದ್ದಿಲ್ಲ ಅಂದಾಗ, ಗಾಡಿ ನ್ಯೂಟ್ರಲ್ಲಿನಲ್ಲಿದೆಯಾ ನೋಡಿ, ಕಪ್ಪು ಕೇಬಲಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಎಂಜಿನ್ನಿನ ಪೇಂಟ್ ಇಲ್ಲದ ಒಂದು ಬೋಲ್ಟಿಗೆ ಕಚ್ಚಿಸಿ. ಆಗ ಸ್ಟಾರ್ಟ್ ಆದರೆ ಅರ್ತಿನದೇ ತೊಂದರೆ. ಆಗದಿದ್ದರೆ ಪ್ಲಸ್ ಬದಿಯಲ್ಲಿ ಹುಡುಕಿ. ಖರ್ಚೇ ಇಲ್ಲ.

ಹುಬ್ಬಳ್ಳಿ, ಆಟೋ ಎಲೆಕ್ಟ್ರಿಷಿಯನ್

ಕುಂದಾಪುರದವರು ಹೇಳಿದ್ದು ಸರಿ, ಆದರೆ ಅರ್ತ್ ಅಂತ ಈಗಲೇ ತೀರ್ಮಾನ ಮಾಡುವುದು ಬೇಡ. ಇಂಥ ಗಾಡಿಗಳು ನನ್ನ ಹತ್ತಿರ ಬರುವಾಗ ಹೆಚ್ಚಾಗಿ ಎರಡು ಮೂರು ಕಡೆ ಸಾಮಾನು ಬದಲಾಯಿಸಿಕೊಂಡೇ ಬರುತ್ತವೆ. ಸಾಮಾನು ಹಾಕಿದವರನ್ನೂ ಬೈಯುವ ಹಾಗಿಲ್ಲ. ತೊಂದರೆ ಇಲ್ಲದ ಹೊತ್ತಿನಲ್ಲಿ ಎಲ್ಲವೂ ಸರಿಯಾಗಿಯೇ ಅಳತೆ ಕೊಡುತ್ತದೆ, ಅವರಾದರೂ ಏನು ಮಾಡಬೇಕು? ಬಂದು ಹೋಗುವ ಕಾಯಿಲೆಯನ್ನು ಅದು ಬಂದಿರುವಾಗಲೇ ಅಳೆಯಬೇಕು. ಬೇರೆ ದಾರಿಯೇ ಇಲ್ಲ. ಅದಕ್ಕೆ ನಾವು ಮೊದಲೇ ತಯಾರಾಗಿ ಕೂರಬೇಕು.

ಈಗಲೇ ಒಂದು ಚೀಟಿ ಮಾಡಿ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಗಾಡಿ ನಿಂತ ಕೂಡಲೇ, ಏನನ್ನೂ ಅಲ್ಲಾಡಿಸುವ ಮೊದಲೇ, ಹಾರ್ನ್ ಬರುತ್ತದಾ, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಸ್ವಿಚ್ ಇದ್ದರೆ ಅದು ಬರುತ್ತದಾ, ಬ್ರೇಕ್ ಲೈಟ್, ಒಳಗಿನ ರೂಫ್ ಲೈಟ್ ಬರುತ್ತದಾ, ವೈಪರ್ ಓಡುತ್ತದಾ ಅಂತ ನೋಡಿ ಬರೆದುಕೊಳ್ಳಿ. ರೂಫ್ ಲೈಟ್, ಹಜಾರ್ಡ್ ಇಂಥವು ಹೆಚ್ಚಿನ ಗಾಡಿಗಳಲ್ಲಿ ಕೀ ಇಲ್ಲದೆಯೂ ಕೆಲಸ ಮಾಡುತ್ತವೆ, ಬ್ಯಾಟರಿಯಿಂದ ನೇರ ಫ್ಯೂಸಿಗೆ ಬಂದಿರುತ್ತವೆ. ವೈಪರ್, ಮೀಟರ್ ಬೋರ್ಡ್, ಇಗ್ನಿಷನ್ ಇವೆಲ್ಲ ಕೀ ಸ್ವಿಚ್ ದಾಟಿ ಬರುತ್ತವೆ. ನಿಮ್ಮ ಗಾಡಿಯಲ್ಲಿ ಯಾವುದು ಯಾವ ಗುಂಪು ಅಂತ ಇವತ್ತೇ ಕೀ ತೆಗೆದು ನೋಡಿಕೊಳ್ಳಿ. ಎರಡೂ ಗುಂಪು ಒಟ್ಟಿಗೆ ಸತ್ತರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಅರ್ತ್ ಈ ಮೂರರಲ್ಲಿ ಹುಡುಕಿ. ಕೀ ದಾಟಿ ಬರುವವು ಮಾತ್ರ ಸತ್ತರೆ ಕೀ ಸ್ವಿಚ್ಚು, ಅದರ ಕಪ್ಲರ್ (ವೈರುಗಳನ್ನು ಸಿಕ್ಕಿಸುವ ಜೋಡಣೆ), ಅದಕ್ಕೆ ಬರುವ ವೈರ್. ಇಷ್ಟಕ್ಕೇ ಅರ್ಧ ಗಾಡಿ ಹುಡುಕುವ ಕೆಲಸ ಉಳಿಯುತ್ತದೆ.

ಮೀಟರ್ ಖಂಡಿತ ತಗೊಳ್ಳಿ, ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಜೊತೆಗೆ ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬಿಗೆ ಎರಡು ವೈರ್ ಬೆಸೆದು ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಯಾಕೆ ಎರಡೂ ಬೇಕು ಅಂದರೆ, ಹತ್ತಾರು ಎಳೆ ಇರುವ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಸರಿಯಾಗಿಯೇ ಇರುತ್ತದೆ, ನಲ್ಲಿ ತಿರುಗಿಸಿದಾಗ ಮಾತ್ರ ನೀರು ಸಣ್ಣಗೆ ಬರುತ್ತದೆ ಅಲ್ವಾ, ಹಾಗೆಯೇ. 21 ವ್ಯಾಟ್ ಬಲ್ಬ್ ಸುಮಾರು ಒಂದೂಮುಕ್ಕಾಲು ಆಂಪ್ಸ್ ಎಳೆಯುತ್ತದೆ, ಆಗ ಕೆಟ್ಟ ವೈರಿನ ಬಣ್ಣ ಬಯಲಾಗುತ್ತದೆ. ಆದರೆ ಈ ಬಲ್ಬನ್ನು ದಪ್ಪ ವೈರುಗಳಿಗೆ ಮಾತ್ರ ಹಿಡಿಯಿರಿ. ಇಂಜೆಕ್ಷನ್ ಗಾಡಿಯ ಸೆನ್ಸರ್ ಮತ್ತು ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ವೈರಿಗೆ ಮುಟ್ಟಿಸಬೇಡಿ. ಹೊಸ ವ್ಯಾನುಗಳಲ್ಲಿ ಹಳದಿ ಕೊಳವೆಯೊಳಗೆ ಏರ್‌ಬ್ಯಾಗಿನ ವೈರ್ ಇರುತ್ತದೆ, ಅದರ ಹತ್ತಿರವೂ ಹೋಗಬೇಡಿ.

ಈಗ ಅಳತೆಗಳು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಫುಲ್ ಚಾರ್ಜ್ ಇರುವ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2 ಅಂದರೆ ಅರ್ಧ ಇಳಿದಿದೆ. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗಿದ್ದರೆ ಡೈನಮೋ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಸರಿ ಇದೆ. ಆಮೇಲೆ ಮುಖ್ಯವಾದದ್ದು: ಮೀಟರನ್ನು ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ (ಬ್ಯಾಟರಿಯಿಂದ ಹೊರಬಂದ ಲೋಹದ ತುದಿ), ಇನ್ನೊಂದು ಎಂಜಿನ್ ಮೈಗೆ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟಿನ ಆಸುಪಾಸು ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಬಿಚ್ಚಿ ಉಜ್ಜಲೇಬೇಕು. ಹಾಗೆಯೇ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೆ ನೋಡಿದರೆ ಅರ್ಧ ವೋಲ್ಟಿನ ಒಳಗಿರಬೇಕು. ಕಡ್ಡಿಯನ್ನು ಕಂಬಕ್ಕೇ ಹಿಡಿಯಿರಿ, ಅದಕ್ಕೆ ಬಿಗಿದ ಕ್ಲಾಂಪಿಗಲ್ಲ. ಕ್ಲಾಂಪಿಗೆ ಹಿಡಿದರೆ ಕಂಬಕ್ಕೂ ಕ್ಲಾಂಪಿಗೂ ನಡುವೆ ಇರುವ ತೊಂದರೆ ಕಾಣುವುದೇ ಇಲ್ಲ. ಮೀಟರನ್ನು ಆಂಪ್ಸಿಗೆ ಇಟ್ಟು ಮಾತ್ರ ಸೆಲ್ಫ್ ಹೊಡೆಯಬೇಡಿ, ಒಳಗಿನ ಫ್ಯೂಸ್ ಅಲ್ಲೇ ಸುಡುತ್ತದೆ. ಕರೆಂಟ್ ಇರುವ ವೈರಿಗೆ ಓಮ್ ಅಳತೆ ಹಿಡಿಯುವುದೂ ಬೇಡ.

ಇನ್ನೊಂದು. ಗುಂಡಿಗೆ ಬಿದ್ದಾಗ ಸರಿಯಾಗುತ್ತದೆ ಅಂದಿರಿ, ಮಳೆಗಾಲದಲ್ಲಿ ಶುರುವಾಯ್ತು ಅಂದಿರಿ, ಒಳ್ಳೆಯ ಸುಳಿವು. ಗಾಡಿ ನಿಲ್ಲಿಸಿ, ಕೀ ಆನ್ ಮಾಡಿ, ಹೆಡ್‌ಲೈಟ್, ವೈಪರ್ ಎಲ್ಲಾ ಹಾಕಿ ಲೋಡ್ ಕೊಡಿ. ಒಬ್ಬರು ಮೀಟರ್ ಬೋರ್ಡ್ ನೋಡುತ್ತಿರಲಿ, ಇನ್ನೊಬ್ಬರು ವೈರಿಂಗ್ ಕಟ್ಟನ್ನು ಒಂದೊಂದು ಗೇಣು ಹಿಡಿದು ಮೆಲ್ಲಗೆ ಬಗ್ಗಿಸುತ್ತಾ ಹೋಗಿ. ಎಲ್ಲವನ್ನೂ ಒಟ್ಟಿಗೆ ಜಗ್ಗಿದರೆ ಸರಿಯಾಗಿಬಿಡುತ್ತದೆ, ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗುವುದಿಲ್ಲ. ಗಿಡಕ್ಕೆ ಹೊಡೆಯುವ ಸಣ್ಣ ಸ್ಪ್ರೇ ಬಾಟಲಿಯಲ್ಲಿ ನೀರು ಸಿಂಪಡಿಸಿಯೂ ನೋಡಬಹುದು. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಆ ಜಾಗದ ವೈರುಗಳು ಬಿಸಿಗೆ ಒಣಗಿ ಗರಿಗರಿ ಆಗಿರುತ್ತವೆ, ಅಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಬೇರೆಯವರು ಹಾಕಿಸಿದ ಸ್ಟೀರಿಯೋ, ಹಾರ್ನ್, ಲೈಟು ಏನಾದರೂ ಇದೆಯಾ? ಇದ್ದರೆ ಹೇಳಿ.

ಮೈಸೂರು, ಶಾಲಾ ವ್ಯಾನ್ ಓಡಿಸುವ ಅಕ್ಕ

ನಮ್ಮ ವ್ಯಾನಿನಲ್ಲಿ ಇದೇ ತರಹ ಆಗಿತ್ತು, ಅದು ಕೀ ಸ್ವಿಚ್ಚಿನ ಹಿಂದಿನ ಪಾಯಿಂಟ್ ಸವೆದಿದ್ದು. ಮನೆ ಕೀ, ಗೇಟಿನ ಕೀ, ಬೀರು ಕೀ ಎಲ್ಲಾ ಒಂದೇ ಗೊಂಚಲಿನಲ್ಲಿ ನೇತಾಡುತ್ತಿದ್ದರೆ ವರ್ಷಗಟ್ಟಲೆ ಜಗ್ಗಿ ಜಗ್ಗಿ ಒಳಗೆ ಸಡಿಲ ಆಗುತ್ತದಂತೆ. ತೊಂದರೆ ಬಂದಾಗ ಕೀಯನ್ನು ಆನ್ ಜಾಗದಲ್ಲೇ ಸ್ವಲ್ಪ ಆಚೆ ಈಚೆ ಒತ್ತಿ ನೋಡಿ, ದೀಪ ಬಂದು ಹೋದರೆ ಅನುಮಾನ ಅದರ ಮೇಲೆ.

ಆದರೆ ಅಣ್ಣಾ, ಹುಡುಕುವುದಕ್ಕಿಂತ ಮೊದಲು ಜೀವ. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆಯಬೇಡಿ, ಲಾಕ್ ಇರುವ ಗಾಡಿಯಾದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಬ್ರೇಕಿಗೆ ಬೂಸ್ಟರ್ ಇದ್ದರೆ ಎಂಜಿನ್ ನಿಂತ ಮೇಲೂ ಒಂದೆರಡು ಸಲ ಮಾಮೂಲಾಗಿ ಹಿಡಿಯುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಗಟ್ಟಿಯಾದರೂ ಬ್ರೇಕ್ ಇದೆ, ಕಾಲಿನ ಬಲ ಪೂರ್ತಿ ಹಾಕಿ ತುಳಿಯಬೇಕು. ಸುಮ್ನೆ ಮತ್ತೆ ಮತ್ತೆ ತುಳಿದು ಬಿಡಬೇಡಿ. ಟಾರ್ಚು, ಹೊಳೆಯುವ ಕೆಂಪು ತ್ರಿಕೋನ ಕೈಗೆ ಸಿಗುವ ಜಾಗದಲ್ಲಿರಲಿ. ಸರಿಯಾಗುವವರೆಗೆ ರಾತ್ರಿ ಘಟ್ಟ ಬೇಡವೇ ಬೇಡ. ಲೋಡಿನ ಬಾಡಿಗೆ ಒಂದು ವಾರ ಹೋದರೆ ಹೋಗಲಿ.

ತೀರ್ಥಹಳ್ಳಿ, ಅಡಿಕೆ ತೋಟ

ಮಳೆಗಾಲ ಅಂದ ಕೂಡಲೇ ನನಗೆ ಇಲಿ ನೆನಪಾಯ್ತು. ನಮ್ಮಲ್ಲಿ ಗಾಡಿಯನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸುತ್ತೇವೆ, ಎಂಜಿನ್ನಿನ ಬಿಸಿಗೆ ಇಲಿ ಬಂದು ಕೂರುತ್ತದೆ, ವೈರು ಕಡಿಯುತ್ತದೆ. ಪೂರ್ತಿ ಕಡಿದರೆ ಗಾಡಿ ನಿಲ್ಲುತ್ತದೆ, ಹುಡುಕುವುದು ಸುಲಭ. ಅರ್ಧ ಸಿಪ್ಪೆ ಸುಲಿದು ಬಿಟ್ಟರೆ ವೈರು ಅಲುಗಾಡಿದಾಗ ಬಾಡಿಗೆ ತಾಗಿ ತಾಗಿ ಬಿಡುತ್ತದೆ, ಅದೇ ಕಷ್ಟ. ಸೀಟು ಎತ್ತಿ ನೋಡಿ, ಹಿಕ್ಕೆ, ಹುಲ್ಲು, ಚಿಂದಿ ಬಟ್ಟೆ ಇದ್ದರೆ ಅಲ್ಲೇ ಹುಡುಕಿ.

ಇನ್ನೊಂದು ಜಾಗ ಹಿಂದಿನ ಬಾಗಿಲು. ಮೇಲೆತ್ತುವ ಬಾಗಿಲಿನ ಹಿಂಜಿನ ಹತ್ತಿರ ವೈರು ದಿನಾ ಮಡಚಿ ಮಡಚಿ ಒಳಗಿನ ತಾಮ್ರ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ. ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಆ ಜಾಗ ರಬ್ಬರಿನ ಹಾಗೆ ಉದ್ದವಾಗುತ್ತದೆ. ಬ್ರೇಕ್ ತುಳಿದಾಗ ಹಿಂದಿನ ಇಂಡಿಕೇಟರೂ ಮಂಕಾಗಿ ಹೊತ್ತಿದರೆ ಆ ಲ್ಯಾಂಪಿನ ಅರ್ತ್ ಹೋಗಿದೆ ಅಂತ ಅರ್ಥ. ನಿಮ್ಮ ತೊಂದರೆ ಇದಲ್ಲ ಅನಿಸುತ್ತದೆ, ಆದರೂ ಓದುವವರಿಗೆ ಇರಲಿ.

ಕೇಳಿದವರು, ಶಿರಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಓಡಾಟ ನಿಲ್ಲಿಸಿದ್ದೇನೆ ಅಕ್ಕಾ. ಮೀಟರ್ ತಂದೆ. ಸೆಲ್ಫ್ ಹೊಡೆಯುವಾಗ ಅರ್ತ್ 0.15, ಓಡುವಾಗ ಬ್ಯಾಟರಿಯಲ್ಲಿ 14.2. ಇಲಿ ಇಲ್ಲ. ಹಿಂದಿನ ಮಾಲೀಕರು ಮುಂದಿನ ಬಂಪರಿಗೆ 55 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದಾರೆ, ಘಟ್ಟದ ಮಂಜಿಗೆ ಅನುಕೂಲ ಅಂತ ನಾವೂ ಇಟ್ಟುಕೊಂಡಿದ್ದೇವೆ. ನಿನ್ನೆ ಮಳೆಯಲ್ಲಿ ಹಗಲೇ ಒಮ್ಮೆ ನಿಂತಿತು. ಚೀಟಿ ನೋಡಿ ಪರೀಕ್ಷೆ ಮಾಡಿದೆ: ಹಾರ್ನ್ ಬಂತು, ರೂಫ್ ಲೈಟ್ ಚೆನ್ನಾಗಿ ಹೊತ್ತಿತು, ವೈಪರ್ ಸತ್ತಿತ್ತು, ಮೀಟರ್ ಬೋರ್ಡ್ ಸತ್ತಿತ್ತು. ಹಾರ್ನ್ ನಮ್ಮ ಗಾಡಿಯಲ್ಲಿ ಕೀ ಇಲ್ಲದೆಯೂ ಬರುತ್ತದೆ. ಕೀ ಆಚೆ ಈಚೆ ಒತ್ತಿದರೆ ಏನೂ ಬದಲಾಗಲಿಲ್ಲ. ಮಲ್ಟಿಮೀಟರ್ ತೆಗೆಯುವಷ್ಟರಲ್ಲಿ ಮತ್ತೆ ಸರಿಯಾಯ್ತು.

ಹುಬ್ಬಳ್ಳಿ, ಆಟೋ ಎಲೆಕ್ಟ್ರಿಷಿಯನ್

ಬಹಳ ಚೆನ್ನಾಗಿ ನೋಡಿದ್ದೀರಿ. ಬ್ಯಾಟರಿ, ಅರ್ತ್, ಸೆಲ್ಫ್ ಮೂರೂ ಪಟ್ಟಿಯಿಂದ ಹೋದವು. ಕೀ ಸ್ವಿಚ್ಚಿಗೆ ಬರುವ ದಾರಿ ಮತ್ತು ಅದರಿಂದ ಹೋಗುವ ದಾರಿ, ಇಷ್ಟೇ ಉಳಿಯಿತು. ಸೆಲ್ಫ್ ‘ಟಕ್’ ಅನ್ನದೇ ಇದ್ದದ್ದೂ ಇದಕ್ಕೇ ಸರಿಹೊಂದುತ್ತದೆ, ಯಾಕೆಂದರೆ ಸೆಲ್ಫಿನ ಸೋಲೆನಾಯ್ಡಿಗೆ (ಸೆಲ್ಫಿಗೆ ಕರೆಂಟ್ ಬಿಡುವ ಮ್ಯಾಗ್ನೆಟ್ ಸ್ವಿಚ್) ಹೋಗುವ ಸಣ್ಣ ವೈರ್ ಕೀ ಸ್ವಿಚ್ಚಿನಿಂದಲೇ ಹೊರಡುತ್ತದೆ.

ತೊಂದರೆ ಬರುವಾಗ ಮೀಟರ್ ತೆಗೆಯಲು ಟೈಮ್ ಸಿಗುವುದಿಲ್ಲ, ಹಾಗಾಗಿ ಮೀಟರನ್ನೇ ಅಲ್ಲಿ ಕೂರಿಸಿ. ಡ್ಯಾಶ್‌ಬೋರ್ಡಿಗೆ ಹಾಕುವ ಸಣ್ಣ ಡಿಜಿಟಲ್ ವೋಲ್ಟ್‌ಮೀಟರ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಎರಡು ತಗೊಳ್ಳಿ. ಒಂದನ್ನು ಕೀ ಸ್ವಿಚ್ಚಿಗೆ ಬ್ಯಾಟರಿಯಿಂದ ಬರುವ ವೈರಿಗೆ, ಇನ್ನೊಂದನ್ನು ಸ್ವಿಚ್ ದಾಟಿದ ವೈರಿಗೆ ಕೊಡಿ. ಮೈನಸ್ ಎರಡಕ್ಕೂ ಬ್ಯಾಟರಿ ಕಂಬದಿಂದಲೇ ಎಳೆಯಿರಿ. ಪ್ಲಸ್ ವೈರಿಗೆ 1 ಆಂಪ್ಸಿನ ಫ್ಯೂಸ್ ಹಾಕಿ. ಸಿಪ್ಪೆಗೆ ಸೂಜಿ ಚುಚ್ಚಬೇಡಿ, ಆ ತೂತಿನಲ್ಲಿ ನೀರು ಹೋಗಿ ನಾಳೆ ಇನ್ನೊಂದು ಕಾಯಿಲೆ ಆಗುತ್ತದೆ. ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ಇಳಿಸಿ. ತೊಂದರೆ ಬಂದಾಗ ಮೊದಲನೆಯದು ಸರಿ ಇದ್ದು ಎರಡನೆಯದು ಬಿದ್ದರೆ ಸ್ವಿಚ್ ಕೆಟ್ಟಿದೆ. ಎರಡೂ ಒಟ್ಟಿಗೆ ಬಿದ್ದರೆ ಸ್ವಿಚ್ಚಿಗೆ ಬರುವ ವೈರ್. ಎರಡೂ ಸರಿ ಇದ್ದೂ ಗಾಡಿ ನಿಂತರೆ ಸ್ವಿಚ್ಚಿನ ಮುಂದೆ.

ಆ ಫಾಗ್ ಲ್ಯಾಂಪಿಗೆ ಕರೆಂಟ್ ಎಲ್ಲಿಂದ ಎಳೆದಿದ್ದಾರೆ ನೋಡಿ. ಎರಡು 55 ವ್ಯಾಟ್ ಅಂದರೆ 9 ಆಂಪ್ಸಿಗಿಂತ ಜಾಸ್ತಿ.

ಕುಂದಾಪುರ, ಟೆಂಪೋ ಓಡಿಸುವವರು

ನನ್ನ ಅನುಮಾನವೂ ಈಗ ಆ ಲ್ಯಾಂಪಿನ ಮೇಲೇ. ಮಳೆ, ಮಂಜು, ಸಂಜೆ ಅಂದರೆ ನೀವು ಫಾಗ್ ಲ್ಯಾಂಪ್ ಹಾಕುವ ಹೊತ್ತೇ ಅಲ್ವಾ ಸರ್?

ಕೇಳಿದವರು, ಶಿರಸಿ

ಸಿಕ್ಕಿತು! ಬೇಕೆಂದೇ ಫಾಗ್ ಲ್ಯಾಂಪ್ ಹಾಕಿಕೊಂಡು ಮಳೆಯಲ್ಲಿ ಊರ ಸುತ್ತ ಓಡಿಸಿದೆವು, ತಮ್ಮ ಪಕ್ಕದಲ್ಲಿ ಕೂತು ಎರಡೂ ಮೀಟರ್ ನೋಡುತ್ತಿದ್ದ. ಮೊದಲು 13ರ ಮೇಲಿತ್ತು, ಆಮೇಲೆ 11, 9, ಕೊನೆಗೆ 6ರ ಹತ್ತಿರ ಬಂದು ಎಂಜಿನ್ ನಿಂತಿತು. ಎರಡೂ ಮೀಟರ್ ಒಟ್ಟಿಗೇ ಬಿದ್ದವು. ಬ್ಯಾಟರಿ ಕಂಬದಲ್ಲಿ ನೋಡಿದರೆ 12.5. ಕೀ ಆಫ್ ಮಾಡಿ ಫಾಗ್ ಲ್ಯಾಂಪೂ ಆಫ್ ಮಾಡಿದ ಕೂಡಲೇ ಆ ವೈರಿನಲ್ಲೂ 12.4! ಹುಬ್ಬಳ್ಳಿಯವರು ನಲ್ಲಿಯ ಮಾತು ಹೇಳಿದ್ದು ಕಣ್ಣಿಗೇ ಕಂಡಿತು.

ಕೀ ಸ್ವಿಚ್ಚಿನ ವೈರು ಹಿಡಿದು ಕೆಳಗೆ ಹೋದೆವು. ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ನೀರು ಇಳಿಯುವ ಮೂಲೆಯಲ್ಲಿ, ಟೇಪ್ ಸುತ್ತಿದ ಒಂದು ಗಂಟು. ಮುಟ್ಟಿದರೆ ಬಿಸಿ. ಟೇಪ್ ಬಿಚ್ಚಿದರೆ ಮೂಲ ವೈರನ್ನು ಅರ್ಧ ಕತ್ತರಿಸಿ, ಫಾಗ್ ಲ್ಯಾಂಪಿನ ವೈರನ್ನು ಕೈಯಲ್ಲಿ ತಿರುಚಿ ಸೇರಿಸಿದ್ದಾರೆ. ತಾಮ್ರವೆಲ್ಲ ಹಸಿರು ಪುಡಿ, ನಡುವೆ ಕೆಲವೇ ಎಳೆ ಉಳಿದಿದೆ, ಪಕ್ಕದ ವೈರಿನ ಸಿಪ್ಪೆಯೂ ಕರಗಿ ಅಂಟಿಕೊಂಡಿದೆ. ಈಗ ಇದನ್ನು ಹೇಗೆ ಸರಿ ಮಾಡಿಸಬೇಕು? ಇಲ್ಲಿನ ವೈರಿಂಗ್‌ನವರು ಅದನ್ನೇ ಮತ್ತೆ ಗಟ್ಟಿಯಾಗಿ ಬೆಸೆಯುತ್ತೇನೆ ಅನ್ನುತ್ತಿದ್ದಾರೆ. ಫಾಗ್ ಲ್ಯಾಂಪ್ ನಮಗೆ ಬೇಕು.

ಹುಬ್ಬಳ್ಳಿ, ಆಟೋ ಎಲೆಕ್ಟ್ರಿಷಿಯನ್

ಅದೇ ಗಂಟಿಗೆ ಬೆಸೆಯುವುದು ಬೇಡ. ಅಲ್ಲಿ ಅರ್ಧ ಓಮ್ ತಡೆ ಇದ್ದು 9 ಆಂಪ್ಸ್ ಹರಿದರೂ ನಾಲ್ಕೂವರೆ ವೋಲ್ಟ್ ಅಲ್ಲೇ ಕಳೆದು ಹೋಗುತ್ತದೆ, 40 ವ್ಯಾಟಿನ ಶಾಖ ಆ ಟೇಪಿನೊಳಗೇ ಹುಟ್ಟುತ್ತದೆ. ಪಕ್ಕದ ಸಿಪ್ಪೆ ಕರಗಿದ್ದು ಅದಕ್ಕೇ. ಪೆಟ್ರೋಲ್ ಗಾಡಿಯಲ್ಲಿ ಇದು ಬೆಂಕಿಯ ಮಾತು. ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಕೇಳಬಹುದು. ಇದು ಶಾರ್ಟ್ ಅಲ್ಲ, ಕರೆಂಟ್ ಜಾಸ್ತಿ ಆಗುವುದಿಲ್ಲ, ಕಡಿಮೆಯೇ ಆಗುತ್ತದೆ. ಹಾಗಾಗಿ ಫ್ಯೂಸಿಗೆ ತಿಳಿಯುವುದೇ ಇಲ್ಲ.

ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ಗಂಟನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಎರಡೂ ಬದಿ ತಾಮ್ರ ಕೆಂಪಗೆ ಹೊಳೆಯುವ ತನಕ ಹಿಂದೆ ಹಿಂದೆ ಕತ್ತರಿಸುತ್ತಾ ಹೋಗಿ. ಕಪ್ಪಾದ ತಾಮ್ರ ಬಿಟ್ಟು ಜೋಡಿಸಿದರೆ ಬರುವ ಮಳೆಗಾಲಕ್ಕೆ ಮತ್ತೆ ಇದೇ ಕಥೆ. ನಡುವೆ ಅದೇ ದಪ್ಪದ, ಬೇಕಾದರೆ ಒಂದು ಸೈಜ್ ದಪ್ಪದ ಹೊಸ ವೈರ್ ಹಾಕಿ, ಎರಡೂ ಕಡೆ ಒಳ್ಳೆಯ ಸ್ಲೀವ್ (ಲೋಹದ ಕೊಳವೆ) ಇಟ್ಟು ಸರಿಯಾದ ಪ್ಲೈಯರಿನಲ್ಲಿ ಒತ್ತಿ ಕ್ರಿಂಪ್ ಮಾಡಿಸಿ, ಮೇಲೆ ಗಮ್ ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ). ಜೋಡಣೆಯಾದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ವೈರನ್ನು ನೀರು ಇಳಿಯದ ಕಡೆಗೆ ಮೇಲೆತ್ತಿ ಕಟ್ಟಿಸಿ. ಕರಗಿದ ಪಕ್ಕದ ವೈರನ್ನೂ ಬದಲಾಯಿಸಿ. ಮುಂದಿನ ಗಾಜಿನ ರಬ್ಬರಿನಿಂದ ನೀರು ಬರುತ್ತಿದೆಯಾ ನೋಡಿಸಿ.

ಫಾಗ್ ಲ್ಯಾಂಪನ್ನು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಮೂಲಕ ಕೊಡಿ. ಬ್ಯಾಟರಿ ಪ್ಲಸ್ಸಿನಿಂದ ನೇರ ಹೊಸ ವೈರ್, ಬ್ಯಾಟರಿಯ ಹತ್ತಿರವೇ 15 ಆಂಪ್ಸಿನ ನೀಲಿ ಫ್ಯೂಸ್, ಅಲ್ಲಿಂದ ರಿಲೇಯಲ್ಲಿ 30 ಅಂತ ಬರೆದ ಪಿನ್ನಿಗೆ. 87ರಿಂದ ಲ್ಯಾಂಪಿಗೆ. 85 ಅರ್ತ್, 86ಕ್ಕೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಬರುವ ಸಣ್ಣ ವೈರ್. ರಿಲೇಯ ಕಾಯಿಲ್ ಎಳೆಯುವುದು ಅರ್ಧ ಆಂಪ್ಸಿಗಿಂತ ಕಡಿಮೆ. ಹೀಗೆ ಮಾಡಿದರೆ ಕೀ ಸ್ವಿಚ್ಚಿನ ದಾರಿಗೆ ಭಾರವೇ ಬೀಳುವುದಿಲ್ಲ. ಹೆಡ್‌ಲೈಟಿಗೂ ಇದೇ ಮಾತು. ಕಂಪನಿಯ 60/55 ವ್ಯಾಟ್ ಬಲ್ಬ್ ತೆಗೆದು 100/90 ಹಾಕಿಸುವವರಿದ್ದಾರೆ. ಹೈ ಬೀಮಿನಲ್ಲಿ ಎರಡು ಬಲ್ಬಿಗೆ 10 ಆಂಪ್ಸ್ ಇದ್ದದ್ದು 16 ದಾಟುತ್ತದೆ, ಸ್ವಿಚ್ಚಿನ ಕಪ್ಲರ್ ಕರಗುವುದು ಅಲ್ಲಿಂದಲೇ. ಇಷ್ಟು ಹಾಕುವುದೇ ತಪ್ಪು, ಸುಟ್ಟ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸೋ ವೈರಿನ ಎಳೆಯೋ ಹಾಕುವುದು ಇನ್ನೂ ದೊಡ್ಡ ತಪ್ಪು.

ಮೈಸೂರು, ಶಾಲಾ ವ್ಯಾನ್ ಓಡಿಸುವ ಅಕ್ಕ

ಸಿಕ್ಕಿದ್ದು ಓದಿ ತುಂಬಾ ಖುಷಿಯಾಯ್ತು. ಆ ಎರಡು ಸಣ್ಣ ಮೀಟರ್ ನಾನೂ ಹಾಕಿಸುತ್ತೇನೆ, ಒಂದಾದರೂ. ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಸಂಖ್ಯೆ ಇಳಿಯುವುದು ಮೊದಲೇ ಕಂಡರೆ ಬದಿಗೆ ನಿಲ್ಲಿಸಬಹುದು.

ಕೇಳಿದವರು, ಶಿರಸಿ

ನೀವು ಬರೆದಿದ್ದನ್ನೇ ವೈರಿಂಗ್‌ನವರಿಗೆ ತೋರಿಸಿದೆ, ಅವರೂ ಒಪ್ಪಿ ಚೆನ್ನಾಗಿ ಮಾಡಿಕೊಟ್ಟರು. ಈಗ ಫಾಗ್ ಲ್ಯಾಂಪ್, ಹೆಡ್‌ಲೈಟ್, ವೈಪರ್ ಎಲ್ಲಾ ಹಾಕಿದರೂ ಕೀ ಸ್ವಿಚ್ಚಿನ ಹತ್ತಿರ 13.9 ಇದೆ, ಬ್ಯಾಟರಿಯಲ್ಲಿ 14.1. ಜೋರು ಮಳೆಯಲ್ಲಿ ಘಟ್ಟ ಹತ್ತಿ ಬಂದೆ, ಮೀಟರ್ ಅಲುಗಲಿಲ್ಲ. ಮೀಟರುಗಳನ್ನು ತೆಗೆಯಲಾ, ಇಡಲಾ?

ಹುಬ್ಬಳ್ಳಿ, ಆಟೋ ಎಲೆಕ್ಟ್ರಿಷಿಯನ್

ಒಂದನ್ನು ಇಡಿ, ಸ್ವಿಚ್ ದಾಟಿದ ವೈರಿನದ್ದು. ಅದಾದರೆ ಕೀ ತೆಗೆದಾಗ ಆಫ್ ಆಗುತ್ತದೆ, ಬ್ಯಾಟರಿ ತಿನ್ನುವುದಿಲ್ಲ. ಬರುವ ವೈರಿನದ್ದನ್ನು ತೆಗೆದುಬಿಡಿ. ಎಂಜಿನ್ ಓಡುವಾಗ 13ಕ್ಕಿಂತ ಕೆಳಗೆ ಬಂದು ಹಾಗೇ ನಿಂತರೆ ಮೊದಲು ಬೆಲ್ಟ್, ಡೈನಮೋ ನೋಡಿ. ಇನ್ನೊಂದು ಕೆಲಸ ಬಾಕಿ ಇದೆ: ಹೊಸ ರಿಲೇ ಎಲ್ಲಿದೆ, ಫ್ಯೂಸ್ ಎಷ್ಟರದು, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಅಂತ ಒಂದು ಚೀಟಿಯಲ್ಲಿ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ. ಮುಂದೆ ಈ ಗಾಡಿಗೆ ಕೈ ಹಾಕುವವರಿಗೆ ಅರ್ಧ ದಿನದ ಕೆಲಸ ಉಳಿಯುತ್ತದೆ.